ಕಾರಣ: ಮೊಲ

ಮೂರು ವಾರದಿಂದ ಮೊದಲ ಬಕೆಟ್ ಬಿಸಿನೀರು ಅವನಿಗೆ. ಹನ್ನೊಂದು ವರ್ಷ ಈ ಮನೆಯಲ್ಲಿ ಅವನ ಸ್ನಾನವೇ ಕೊನೆಯದಾಗಿತ್ತು. ಭಾವನದು ಮುಗಿದು, ಅಕ್ಕನದು ಮುಗಿದು, ಬಟ್ಟೆ ನೆನೆಹಾಕಿ ಮಿಕ್ಕ ಉಗುರುಬೆಚ್ಚಗಿನ ನೀರು ಅವನ ಪಾಲಿಗೆ ಬಂದರೆ ಬಂತು, ಇಲ್ಲದಿದ್ದರೆ ತಣ್ಣೀರು. ಈಗ ಭಾವನೇ ಎರಡೂ ಕೈಯಲ್ಲಿ ಬಕೆಟ್ ಎತ್ತಿ ತಂದು ಬಚ್ಚಲಲ್ಲಿಟ್ಟು, ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದ. "ನೀರು ಇಟ್ಟಿದೀನಿ ಕಣಪ್ಪಾ, ಆರೋದ್ರೊಳಗೆ ಹೋಗು." ಕಣಪ್ಪಾ. ಹನ್ನೊಂದು ವರ್ಷ 'ಏಯ್' ಎಂದೇ ಕರೆಸಿಕೊಂಡ ಕಿವಿಗೆ ಆ ಅಪ್ಪ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಬಿಚ್ಚಿಡಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

ಸೋಪು ಜಿಂಕೆಯದು. ಘಾಟು ವಾಸನೆಯ ಸೋಪನ್ನು ಗಿಡಕ್ಕೊಂದರಂತೆ ತೂಗುಹಾಕಿದರೆ ಜಿಂಕೆ ಹತ್ತಿರ ಸುಳಿಯುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಎರಡು ವರ್ಷದ ಹಿಂದೆ ತೋಟಕ್ಕೆ ನಾಲ್ಕು ಪೆಟ್ಟಿಗೆ ಬಂದಿತ್ತು. ಮೂರು ಪೆಟ್ಟಿಗೆ ಗಿಡಗಳಿಗೆ ಹೋಯಿತು, ಒಂದು ಭಾವನ ಅಟ್ಟಕ್ಕೆ. ಅಂದಿನಿಂದ ಮನೆಮಂದಿಯೆಲ್ಲ ಅದರಲ್ಲೇ ಮೈ ತೊಳೆಯುತ್ತಿದ್ದರು. ಜಿಂಕೆಗಳು ಒಂದು ವಾರ ದೂರ ನಿಂತು ನೋಡಿ, ಎರಡನೆಯ ವಾರ ಸೋಪು ತೂಗುತ್ತಿದ್ದ ಕೊಂಬೆಯ ಚಿಗುರನ್ನೇ ತಿಂದುಹೋದವು. ಆಮೇಲೆ ಕ್ಷೌರದಂಗಡಿಯಿಂದ ಕೂದಲು ತಂದು ಪುಟ್ಟ ಬಟ್ಟೆಚೀಲಗಳಲ್ಲಿ ಕಟ್ಟಿದರು. ಮನುಷ್ಯರ ವಾಸನೆಗೆ ಹೆದರುತ್ತವಂತೆ. ಆಮೇಲೆ ಗಿಡಕ್ಕೊಂದು ಪ್ಲಾಸ್ಟಿಕ್ ಕೊಳವೆ. ಕೊನೆಗೆ ಎಲ್ಲವನ್ನೂ ಕಿತ್ತುಹಾಕಿ ತೋಟದ ಸುತ್ತ ಎಂಟಡಿಯ ತಂತಿಬೇಲಿ. ಅವನು ಸೋಪನ್ನು ಕಂಕುಳಿಗೆ ಉಜ್ಜಿಕೊಂಡ. ಬೇಲಿ ಮುಚ್ಚಿದ ಆ ದಿನವೂ ತನ್ನ ಮೈಯಿಂದ ಇದೇ ಘಾಟು ಹೋಗಿರಬೇಕು. ಹುಲ್ಲಿನಲ್ಲಿ ಮಲಗಿದ್ದ ಅದು ಮೂಗು ಅರಳಿಸಿತು, ಕಿವಿ ತಿರುಗಿಸಿತು, ಏಳಲಿಲ್ಲ. ಹೆದರಿ ಎದ್ದು ಓಡಿದ್ದರೆ ಎಲ್ಲರೂ ನೋಡುತ್ತಿದ್ದರು, ಅವನು ಏನೂ ಹೇಳಬೇಕಾಗಿರಲಿಲ್ಲ. ತಪ್ಪು ಅದರದೂ ಹೌದು ಎಂದು ಅವನು ಮೂರನೆಯ ಚೊಂಬು ಸುರಿದುಕೊಳ್ಳುತ್ತ ಯೋಚಿಸಿದ.

ಅಡುಗೆಮನೆಯಲ್ಲಿ ಅಕ್ಕ ಎರಡು ಮೊಟ್ಟೆ ಬೇಯಿಸಿದ್ದಳು, ಎರಡೂ ಅವನ ತಟ್ಟೆಯಲ್ಲಿದ್ದವು. ಭಾವ ಗೋಡೆಗೆ ಒರಗಿ ಬರೀ ಚಹಾ ಕುಡಿಯುತ್ತ, ತನಗೆ ಮೊಟ್ಟೆ ಮೊದಲಿಂದಲೂ ಸೇರದು ಎನ್ನುವ ಮುಖ ಮಾಡಿಕೊಂಡು ಕೂತಿದ್ದ.

"ಇವತ್ತು ತೋಟದ ಮೇಡಂ ಬರ್ತಾರಂತೆ," ಎಂದಳು ಅಕ್ಕ. ಮಾತಿನ ಕೊನೆಗೆ ಅವಳ ಎದೆಯಲ್ಲಿ ಸಣ್ಣ ಸಿಳ್ಳೆ ಕೇಳಿಸಿತು. ಉಬ್ಬಸ ಏಳುವ ಮೊದಲು ಹಾಗೆ ಕೇಳಿಸುತ್ತದೆ. "ಕೇಳಿದ್ರೆ ಏನಂತೀಯೋ?"

"ಬರೆದದ್ದೇ ಹೇಳೋದು."

"ನೋಡ್ರೀ, ಒಡಹುಟ್ಟಿದೋನು ಅಂದ್ರೆ ಹೀಗಿರಬೇಕು. ನೀವು ಅವನನ್ನ ಏನೇನು ಅಂದಿಲ್ಲ?"

"ಅಂದೆ. ಈಗ ಇಲ್ಲ ಅಂತೀನಾ?" ಭಾವ ಲೋಟದೊಳಗೆ ನೋಡಿಕೊಂಡು ಹೇಳಿದ. "ಬಾಯಿ ಕೊಟ್ಟ ದೇವರು ಬೀಗ ಕೊಡಲಿಲ್ಲ ನಂಗೆ."

"ಕೊಟ್ಟ ಬೀಗಾನೂ ಹಾಕ್ಲಿಲ್ಲವಲ್ಲ ನೀವು," ಎಂದಳು ಅಕ್ಕ. ಎಂದುಬಿಟ್ಟ ಮೇಲೆ ಇಬ್ಬರೂ ಅವನ ಕಡೆ ನೋಡಿದರು. ಅವನು ಮೊಟ್ಟೆಗೆ ಉಪ್ಪು ಹಾಕಿಕೊಂಡ.

ಬೀಗದ ವಿಷಯ ಇಷ್ಟು. ಭಾವ ತೋಟದ ಗೇಟು ಕಾಯುವವನು. ಗೇಟಿಗೆ ಅಂಟಿಕೊಂಡ ಎರಡು ಕೋಣೆಯ ಈ ಮನೆ ಕೆಲಸದ ಜೊತೆ ಬಂದದ್ದು, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಅಕ್ಕನಿಗೆ ಉಬ್ಬಸ ಜೋರಾಗಿ, ಎಳೆದುಕೊಳ್ಳುವ ಔಷಧಿ ಮುಗಿದುಹೋಗಿ, ಭಾವ ಗೇಟಿಗೆ ಬರೀ ಸರಪಳಿ ಸುತ್ತಿ ಔಷಧಿ ಅಂಗಡಿಗೆ ಓಡಿದ್ದ. ಬಂದು ನೋಡಿದರೆ ಸರಪಳಿ ಜಾರಿ, ಗೇಟು ಗಾಳಿಗೆ ಆಡುತ್ತಿತ್ತು. ಮಾರನೆಯ ಬೆಳಿಗ್ಗೆ ಗೇಟಿನ ಒಳಗಡೆ, ನಲ್ಲಿಯ ಹತ್ತಿರದ ಒದ್ದೆ ಮಣ್ಣಿನಲ್ಲಿ, ಎರಡು ಗೊರಸಿನ ಗುರುತು. ಭಾವ ಅದನ್ನು ಪಾದದಿಂದ ಅಳಿಸಿದ. ಸಂಜೆ ಇವನ ಮುಂದೆ ಬಂದು ನಿಂತು, ಏನೂ ಕೇಳದವನಂತೆ ಕೇಳಿದ: ಆ ಕಡೆ ಗಿಡ ಏನೋ ತಿಂದಿದೆಯಂತಲ್ಲ, ನಿನ್ನ ಅಳತೆ ಪುಸ್ತಕದಲ್ಲಿ ಏನಂತ ಬರೆದೆ? ಮೊಲ ಅಂತ ಬರೆದೆ ಎಂದು ಅವನು ಹೇಳಿದ. ಭಾವ ಅವನ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಹೆಗಲ ಮೇಲೆ ಕೈಯಿಟ್ಟ. ಹನ್ನೊಂದು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು, ಕೆನ್ನೆಗೆ ಬಂದದ್ದುಂಟು. ತನ್ನ ತಪ್ಪು ಮುಚ್ಚಲು ಬಾಮೈದ ಸುಳ್ಳು ಬರೆದಿದ್ದಾನೆ ಎಂದು ಭಾವ ತಿಳಿದುಕೊಂಡ. ಅಲ್ಲ ಎನ್ನುವುದಕ್ಕೆ ಅವನಿಗೆ ಎಷ್ಟು ಹೊತ್ತು ಸಿಕ್ಕಿತ್ತು! ಒಂದು ಕೈ ಹೆಗಲಿನ ಮೇಲೆ ಇರುವಷ್ಟು ಹೊತ್ತು. ಅವನು ಮೊಲ ಎಂದು ಬರೆಯತೊಡಗಿ ಅಷ್ಟರಲ್ಲಿ ಆರು ವಾರವಾಗಿತ್ತು.

ಹೊರಡುವಾಗ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳು ಕಣ್ಣಿಗೆ ಬಿದ್ದವು. ಹದಿನಾರರಿಂದ ಹತ್ತೊಂಬತ್ತರವರೆಗೆ ನಾಲ್ಕು ಗೆರೆ. ಭಾವ ಅವನನ್ನು ಅಲ್ಲಿ ನಿಲ್ಲಿಸಿ ತಲೆಯ ಮೇಲೆ ರಟ್ಟು ಇಟ್ಟು ಎಳೆದದ್ದು, ತನ್ನ ಹಳೆಯ ಪ್ಯಾಂಟು ಎಂದಿಗೆ ಸರಿಹೋಗುತ್ತದೆಂದು ನೋಡಲು. "ತಿನ್ನೋದು ನೋಡಿದ್ರೆ ಇಷ್ಟೊತ್ತಿಗೆ ಸೂರು ಮುಟ್ಟಬೇಕಿತ್ತು, ಎಲ್ಲಿಗೆ ಹೋಗುತ್ತೋ!" ಮನೆಗೆ ಯಾರಾದರೂ ಬಂದರೆ, "ನಮ್ಮನೇಲಿ ದಂಡದ ಬಾಯಿ ಎರಡು, ಒಂದು ನಾಯಿ, ಒಂದು ಬಾಮೈದ. ನಾಯಿ ಬೊಗಳೋದಾದ್ರೂ ಬೊಗಳುತ್ತೆ." ಬಂದವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಆ ನಗು ಈಗಲೂ ನೆನಪಾದರೆ ದವಡೆ ನೋಯುತ್ತದೆ. ನಾಯಿ ಸತ್ತಾಗ ಭಾವ ಎರಡು ದಿನ ಊಟ ಬಿಟ್ಟ.

ಗೇಟಿನ ಹತ್ತಿರ ಕತ್ತರಿ ನಿಂತಿದ್ದ. ಗಿಡಗಳ ರೆಂಬೆ ಸವರುವುದು ಅವನ ಕೆಲಸ, ಹೆಸರಿಟ್ಟುಕೊಂಡೇ ಹುಟ್ಟಿದವನಂತೆ ನಾಲಿಗೆಯೂ ಹಾಗೇ. "ಏನು ಅಳತೆ ಸಾಹೇಬ್ರೇ, ಈ ವಾರ ಗಿಡ ಎಷ್ಟು ಗಿಡ್ಡ ಆಗಿವೆ? ಹೀಗೇ ಆದ್ರೆ ಬೀಜಕ್ಕೆ ವಾಪಸ್ ಹೋಗ್ತವೆ. ನನ್ನ ಕೆಲಸಾನ ಯಾರೋ ಪುಕ್ಕಟೆ ಮಾಡ್ತಾ ಇದಾರಪ್ಪ, ನಂಗೇನು!" ಭಾವ ಬೀಗ ತೆಗೆಯುತ್ತಿದ್ದವನು ಕೀಲಿಯನ್ನು ಎರಡು ಸಲ ತಪ್ಪು ತಿರುಗಿಸಿದ. ಅವನು ಅದನ್ನು ನೋಡಿದ. ನೋಡುತ್ತಿದ್ದೇನೆ ಎನ್ನುವುದು ಭಾವನಿಗೆ ತಿಳಿಯುವಷ್ಟು ಹೊತ್ತು ನಿಂತು ನೋಡಿದ. ಎದೆಯಲ್ಲಿ ಬೆಚ್ಚಗೆ ಏನೋ ಇಳಿಯಿತು, ಮೊದಲ ಚೊಂಬು ನೀರಿನ ಹಾಗೆ.

ತೋಟದಲ್ಲಿ ನಾನೂರ ಹನ್ನೆರಡು ಗಿಡ. ಗೇಟಿನ ಕಡೆಯಿಂದ ಅಕ್ರೋಟು, ನಡುವೆ ಬಾದಾಮಿ, ಆಚೆ ಪ್ಲಮ್, ಕೊನೆಗೆ ಸೇಬು. ಸೇಬಿನ ಆಚೆ ಇನ್ನೂ ನೆಡದ ಇಳಿಜಾರು, ಎದೆಮಟ್ಟದ ಹುಲ್ಲು, ನಡುವೆ ಒಂದು ಒಣ ಕಾಲುವೆ. ಮುಂದಿನ ವರ್ಷಕ್ಕೆಂದು ಅದನ್ನೂ ಸೇರಿಸಿ ಬೇಲಿ ಹಾಕಿದ್ದರು. ವಾರಕ್ಕೊಮ್ಮೆ ಅವನು ಪ್ರತಿ ಗಿಡದ ಎತ್ತರ, ಕಸಿಗಂಟಿನಿಂದ ಒಂದು ಗೇಣು ಮೇಲೆ ಕಾಂಡದ ಸುತ್ತಳತೆ, ಹಾನಿ, ಕಾರಣ ಎಂದು ಬರೆಯುತ್ತಾನೆ. ಬೇರೇನೂ ಅವನಿಗೆ ಬರುವುದಿಲ್ಲ, ಇದು ಮಾತ್ರ ಚೆನ್ನಾಗಿ ಬರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಯಾವುದು ಯಾರ ಕಡಿತ ಎಂದು ಹೇಳಬಲ್ಲ. ಮೊಲ ಕಚ್ಚಿದರೆ ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ, ನುಣ್ಣಗೆ. ಜಿಂಕೆಗೆ ಮೇಲಿನ ಮುಂಹಲ್ಲಿಲ್ಲ, ಅದು ಕಚ್ಚುವುದಿಲ್ಲ, ಎಳೆದು ಹರಿಯುತ್ತದೆ. ತುದಿಯಲ್ಲಿ ತೊಗಟೆಯ ನಾರು ನೇತಾಡುತ್ತದೆ. ಬೇಲಿ ಮುಚ್ಚಿದ ಮೂರನೆಯ ದಿನ ಇಪ್ಪತ್ತಮೂರನೆಯ ಸಾಲಿನ ಮೊದಲ ಸೇಬಿನ ತುದಿಯಲ್ಲಿ ಆ ನಾರು ಅವನ ಬೆರಳಿಗೆ ತಾಗಿತು. ಅವನು ಸುತ್ತ ನೋಡಿದ. ಕಾರಣದ ಕಾಲಮಿನಲ್ಲಿ ಪೆನ್ನು ಇಟ್ಟ. 'ಜಿಂ' ಎಂದು ಬರೆದರೆ ಒಳಗೆ ಹೇಗೆ ಬಂತು ಎನ್ನುತ್ತಾರೆ. ಹೇಗೆ ಬಂತು ಎಂದರೆ ಕೊನೆಯ ಸುತ್ತು ಹಾಕಿದವನು ಯಾರು ಎನ್ನುತ್ತಾರೆ. ಮೊಲ ಎನ್ನುವುದಕ್ಕೂ ಎರಡೇ ಅಕ್ಷರ. ಅದಾದ ಮೇಲೆ ಅದರ ಕೆಳಗೆ ಎರಡು ಚುಕ್ಕೆ, ಅದರ ಕೆಳಗೆ ಎರಡು ಚುಕ್ಕೆ, ಅದೇ ಅದೇ ಎಂದು ಒಂಬತ್ತು ವಾರ ಚುಕ್ಕೆ ಇಡುತ್ತಲೇ ಬಂದ. ತೋಟ ಬೆಳೆಯುವುದನ್ನು ಬರೆಯಬೇಕಾದ ಪುಸ್ತಕದಲ್ಲಿ ಗಿಡಗಳು ವಾರ ವಾರಕ್ಕೆ ಕುಳ್ಳಾಗುತ್ತಿದ್ದವು.

ಕೊನೆಯ ಸುತ್ತು. ಆ ದಿನ ಬೇಲಿಯ ಕೊನೆಯ ಎರಡು ಕಂಬಗಳ ನಡುವಿನ ಅಂಕಣ ಬಿಗಿಯುವುದನ್ನು ನೋಡಲು ನಾಲ್ಕೈದು ಜನ ಅತಿಥಿಗಳು ಬಂದಿದ್ದರು, ಫೋಟೋ ತೆಗೆಯುವವನೂ ಬಂದಿದ್ದ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ, ಭಾವನದಲ್ಲ, ತಾನೇ ಕೊಂಡದ್ದು. ಸಾಲಿನ ತುದಿಯಲ್ಲಿ ನಿಂತ. ಮೇಡಂ ಎಲ್ಲರ ಪರಿಚಯ ಹೇಳುತ್ತ ಬಂದು ಅವನ ಮುಂದೆ ಒಂದು ಕ್ಷಣ ತಡವರಿಸಿ, "ಇವನು... ಅಳೀತಾನೆ" ಎಂದರು. ಆಮೇಲೆ ಫೋಟೋದವನು ಸಾಲು ಉದ್ದವಾಯಿತು ಎಂದ. ಮೇಡಂ ಅವನ ಕಡೆ ತಿರುಗಿ, "ನೀನು ಸುಮ್ನೆ ನಿಂತಿದೀಯಲ್ಲ, ಹೋಗಿ ಒಂದು ಸುತ್ತು ಹಾಕಿ ಬಾ. ಒಳಗೆ ಏನಾದ್ರೂ ಸಿಕ್ಕಿಕೊಂಡಿದ್ಯಾ ನೋಡು" ಎಂದರು. ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಕೆಟ್ಟದ್ದು. ಅವನು ಬಿಸಿಲಲ್ಲಿ ಅಕ್ರೋಟು ದಾಟಿ, ಬಾದಾಮಿ ದಾಟಿ ನಡೆದ. ಕಂಕುಳಲ್ಲಿ ಅಂಗಿ ಒದ್ದೆಯಾಗುತ್ತಿತ್ತು. ಹಿಂದಿನಿಂದ ನಗುವುದು ಕೇಳುತ್ತಿತ್ತು, ತನ್ನನ್ನು ನೋಡಿ ನಕ್ಕದ್ದಲ್ಲವೆಂದು ಗೊತ್ತಿತ್ತು, ಗೊತ್ತಿದ್ದರೂ ಕತ್ತು ಬಿಸಿಯಾಯಿತು. ಇಳಿಜಾರಿನ ಅಂಚಿಗೆ ಬಂದಾಗ ಕಾಲುವೆಯ ಪಕ್ಕದ ಹುಲ್ಲಿನಲ್ಲಿ ಅದು ಮಲಗಿತ್ತು. ಹೆಣ್ಣು ಜಿಂಕೆ. ಹೊಟ್ಟೆ ಒಂದು ಕಡೆಗೆ ಚೀಲದಂತೆ ಹರಡಿತ್ತು. ಅವನೂ ಅದೂ ಒಬ್ಬರನ್ನೊಬ್ಬರು ನೋಡಿದರು. ಹಿಂದಿರುಗಿ ಹೋಗಿ ಇದೆ ಎಂದರೆ, ಅಂಕಣ ಬಿಚ್ಚಬೇಕು, ಅತಿಥಿಗಳು ಕಾಯಬೇಕು, ಮೇಡಂ ಹುಬ್ಬು ಗಂಟಿಕ್ಕಿ, ಅಳೆಯುವವನು ಸುದ್ದಿ ತಂದ ನೋಡಿ ಎನ್ನಬೇಕು. ಅವನು ತಿರುಗಿ ಬಂದ. ಫೋಟೋ ಆಗಿಹೋಗಿತ್ತು. "ಏನಾದ್ರೂ ಇದ್ಯಾ?" "ಇಲ್ಲ ಮೇಡಂ." ನಟ್ಟು ಬಿಗಿದರು. ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ಮೇಡಂ ಬಂದದ್ದು ಹತ್ತೂವರೆಗೆ. ಅವನು ಪ್ಲಮ್ ಸಾಲಿನಲ್ಲಿ ಮೊಣಕಾಲೂರಿ ಕೂತಿದ್ದ. ಈ ಸಲ ಅತಿಥಿಗಳಿಲ್ಲ, ಕೈಯಲ್ಲಿ ಅವನದೇ ಪುಸ್ತಕ. ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಭಾವ, ಅವನ ಹಿಂದೆ ಕತ್ತರಿ. ಮೇಡಂ ಸೇಬಿನ ಕಡೆ ನಡೆದರು, ಎಲ್ಲರೂ ಹಿಂದೆ ಹೋದರು. ಅವರು ಒಂದು ಸಾಲಿನ ಉದ್ದಕ್ಕೂ ನಡೆದು, ಒಂದು ಗಿಡದ ಮುಂದೆ ನಿಂತು, ತುದಿಯನ್ನು ಬಗ್ಗಿಸಿ ಕನ್ನಡಕ ಹಣೆಗೇರಿಸಿ ನೋಡಿದರು.

"ಇದು ಯಾರು ತಿಂದದ್ದು?"

"ಮೊಲ ಮೇಡಂ."

"ಇದರ ಎತ್ತರ ಎಷ್ಟು?"

"ನಾಲ್ಕಡಿ ಮೂರಂಗುಲ. ಇತ್ತು. ಈಗ ಮೂರಡಿ ಹತ್ತು."

"ನಾಲ್ಕಡಿ ಎತ್ತರಕ್ಕೆ ಮೊಲ ಹೇಗೆ ಹತ್ತಿತು? ಏಣಿ ಇಟ್ಕೊಂಡಿತ್ತಾ?"

ಕತ್ತರಿ ಫಕ್ಕನೆ ನಕ್ಕು, ಮೇಡಂ ನಗದಿದ್ದುದನ್ನು ನೋಡಿ ನಗುವನ್ನು ಕೆಮ್ಮಾಗಿ ತಿರುಗಿಸಿದ. ಮೇಡಂ ತುದಿಯನ್ನು ಮುರಿದು ಅವನ ಅಂಗೈಯಲ್ಲಿಟ್ಟರು. ನಾರು ಗಡ್ಡದ ಹಾಗೆ ನೇತಾಡುತ್ತಿತ್ತು. "ಮುಟ್ಟಿ ನೋಡಿ ಹೇಳು. ನಾನೇ ನಿಂಗೆ ಕಲಿಸಿದ್ದು. ಮೊಲವೋ, ಜಿಂಕೆಯೋ?"

ಅವನು ಮುಟ್ಟಿದ. ಈಗ ಹೇಳಬಹುದಿತ್ತು. ನಿಜ ಬಾಯಿಗೆ ಬಂದಿತ್ತು ಕೂಡ, ಅಥವಾ ಬಂದಿತ್ತೆಂದು ಆಮೇಲೆ ಅವನಿಗೆ ಅನಿಸಿತು. ಒಂದು ಅಕ್ಷರ ಮುಂದೆ ಬಿದ್ದರೆ ಉಳಿದದ್ದು ತಾನೇ ಉರುಳುತ್ತಿತ್ತು: ನಾನು ನೋಡಿದ್ದೆ, ಬೇಲಿ ಮುಚ್ಚುವ ದಿನವೇ ಒಳಗಿತ್ತು. ಆದರೆ ಅಷ್ಟರಲ್ಲಿ ಭಾವ ಮುಂದೆ ಬಂದು ಟೊಪ್ಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಅವನನ್ನ ಕೇಳಬೇಡಿ ಮೇಡಂ. ಅವನ ತಪ್ಪಲ್ಲ. ಗೇಟು ನಾನು ತೆರೆದು ಬಿಟ್ಟಿದ್ದೆ."

ಭಾವ ಎಲ್ಲವನ್ನೂ ಹೇಳಿದ. ಔಷಧಿ, ಸರಪಳಿ, ಗೊರಸಿನ ಗುರುತು, ಪಾದದಿಂದ ಅಳಿಸಿದ್ದು. ಹೇಳುವಾಗ ಮುಖ ಕೆಂಪಾಗಿತ್ತು, ಆದರೆ ಸ್ವರ ಗಟ್ಟಿಯಾಗಿತ್ತು; ಮೂರು ವಾರ ಬಗ್ಗಿದ್ದ ಬೆನ್ನು ಮಾತು ಮಾತಿಗೂ ನೆಟ್ಟಗಾಗುತ್ತ ಬಂತು. "ನನ್ನ ಮನೆ ಉಳಿಸೋಕೆ ಅವನು ಮೊಲ ಅಂತ ಬರೆದ. ನಾನು ಸಾಕಿದ ಹುಡುಗ ಮೇಡಂ. ನಾನು ಅವನನ್ನ ಚೆನ್ನಾಗಿ ನೋಡ್ಕೊಳ್ಳಲಿಲ್ಲ. ಆದ್ರೂ ಬರೆದ." ಅವನಿಗೆ ಆ ಬೆನ್ನನ್ನು ನೋಡಿ ಸಿಟ್ಟು ಬಂತು. ತನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗೆ, ಮತ್ತೆ ಹಳೇ ಭಾವನೇ ಆದ ಹಾಗೆ, ತಪ್ಪು ಒಪ್ಪಿಕೊಳ್ಳುವುದರಲ್ಲೂ ತನಗಿಂತ ಮೊದಲು ಬಚ್ಚಲಿಗೆ ನುಗ್ಗಿದ ಹಾಗೆ. ಹೇಳಬೇಕೆಂದಿದ್ದ ಮಾತು ಆ ಸಿಟ್ಟಿನಲ್ಲಿ ಮುಳುಗಿತು.

ಮೇಡಂ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದರು. "ಗೇಟು ಬಿಟ್ಟದ್ದು ಮೂರು ವಾರ. ಅದಕ್ಕಿಂತ ಮುಂಚಿನದೂ ಮೊಲ ಅಂತಾನೇ ಇದೆ."

"ಮೊದಲು ಮೊಲಾನೇ ಇತ್ತು ಮೇಡಂ," ಎಂದ ಅವನು. ಸ್ವರ ತನ್ನದೇ ಎಂದು ಅವನಿಗೆ ಗುರುತು ಸಿಕ್ಕಿತು. "ಆಮೇಲೆ ಜಿಂಕೆ."

"ಮೊದಲು ಮೊಲ, ಆಮೇಲೆ ಜಿಂಕೆ. ಆಮೇಲೆ ಆನೆ ಬರುತ್ತಾ?" ಮೇಡಂ ಪುಸ್ತಕ ಮುಚ್ಚಿದರು. "ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಜನ ಕರೀರಿ. ಮೊದಲು ಅದನ್ನ ಹೊರಗೆ ಹಾಕೋಣ, ಉಳಿದದ್ದು ಆಮೇಲೆ."

ಎಂಟು ಜನ ಇಳಿಜಾರಿನ ಕೆಳಗಿಂದ ಸಾಲಾಗಿ, ತಗಡು ಬಡಿಯುತ್ತ ಗೇಟಿನ ಕಡೆ ನಡೆಯಬೇಕು ಎಂದಾಯಿತು. ಅವನಿಗೆ ಕಾಲುವೆಯ ಪಕ್ಕದ ತುದಿ ಬಂತು. ಕಾಲುವೆಯೊಳಗೆ ಇಳಿದು ಹುಲ್ಲು ಸರಿಸುತ್ತ ಬರಬೇಕಿತ್ತು. ಅವನು ಏರಿಯ ಮೇಲೇ ನಡೆದ. ಒಳಗೆ ಮುಳ್ಳಿತ್ತು, ಅಷ್ಟೆ. ಇಪ್ಪತ್ತು ಹೆಜ್ಜೆಗೆ ಅದು ಎದ್ದಿತು. ಎಲ್ಲರೂ ಒಟ್ಟಿಗೆ ಕೂಗಿದರು. ಅದು ಒಮ್ಮೆ ಬೇಲಿಗೆ ಎಗರಿ, ತಂತಿಗೆ ಎದೆ ತಾಗಿ ಬಿದ್ದು, ಎದ್ದು, ಮತ್ತೆ ಹಿಂದಕ್ಕೆ, ಬಡಿಯುವ ತಗಡುಗಳ ಕಡೆಗೇ, ಮನುಷ್ಯರ ಕಡೆಗೇ ಓಡಿ ಬಂತು. ಹೊಟ್ಟೆ ಈಗ ಒಳಸೇರಿತ್ತು. "ಅಯ್ಯೋ ಮಂಕೇ, ಆ ಕಡೆ ಹೋಗು, ಬಾಗಿಲು ಆ ಕಡೆ!" ಎಂದು ಕತ್ತರಿ ಅರಚಿದ. ಮೂರು ಸಲ ಅದು ಕಾಲುವೆಯ ಕಡೆಗೆ ತಿರುಗಿತು, ಮೂರು ಸಲ ಜನ ಅಡ್ಡ ನಿಂತರು. ಪ್ಲಮ್ ಗಿಡಗಳು ಎರಡು ಮುರಿದವು. ಕೊನೆಗೆ ಗೇಟಿನ ಹತ್ತಿರ ಭಾವ ತೋಳು ಅಗಲಿಸಿ, ದನ ಅಟ್ಟುವವನಂತೆ ನಾಲಿಗೆಯಿಂದ ಲೊಟಕೆ ಹೊಡೆದು, ಮೆಲ್ಲಗೆ ದಾರಿ ಬಿಟ್ಟ. ಅದು ಅವನ ಪಕ್ಕದಿಂದಲೇ ಹಾರಿ ಹೊರಗೆ ಹೋಯಿತು. ಕೆಲಸ ಬಲ್ಲವನು ಅಲ್ಲಿ ಭಾವನೊಬ್ಬನೇ ಎಂದು ಎಲ್ಲರಿಗೂ ಕಾಣಿಸಿತು.

ಮೇಡಂ ಗೇಟಿನ ನೆರಳಲ್ಲಿ ನಿಂತು ನೀರು ಕುಡಿದರು. ಸಿಟ್ಟು ಇಳಿದಿತ್ತು, ಅದರಿಂದ ಮಾತು ಇನ್ನೂ ಗಟ್ಟಿಯಾಗಿತ್ತು. ಭಾವನ ಕೆಲಸ ಈ ತಿಂಗಳಿಗೆ ಮುಗಿಯಿತು. "ಹೆಂಡತಿಗೆ ಹುಷಾರಿರಲಿಲ್ಲ, ಸರಿ. ಬಂದು ಹೇಳಬಹುದಿತ್ತು. ಬಚ್ಚಿಟ್ಟದ್ದಕ್ಕೆ ಈ ಶಿಕ್ಷೆ, ಗೇಟಿಗಲ್ಲ." ಆಮೇಲೆ ಅವನ ಕಡೆ. "ನೀನು ಸುಳ್ಳು ಬರೆದೆ. ಸಂಬಂಧ ಅಂತ ಬರೆದೆ, ಅದಕ್ಕೆ ಈ ಸಲ ಬಿಡ್ತೀನಿ. ಕೀಲಿ ಇನ್ಮೇಲೆ ನಿನ್ನ ಹತ್ರ ಇರಲಿ. ಮನೇನೂ ನಿನ್ನ ಹೆಸರಿಗೆ ಬರೆಸ್ತೀನಿ. ಅವರು ನಿನ್ನ ಜೊತೆ ಇರಬಹುದು, ಅದು ನಿನಗೆ ಬಿಟ್ಟದ್ದು." ನಿನಗೆ ಬಿಟ್ಟದ್ದು. ಭಾವ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಕೊಟ್ಟ. ಅದು ಮೈಬಿಸಿಗೆ ಬೆಚ್ಚಗಿತ್ತು. ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಆದರೆ ಕಣ್ಣಲ್ಲಿ ಇದ್ದದ್ದು ದುಃಖ ಮಾತ್ರವಲ್ಲ. ಬೀದಿಗೆ ಬೀಳಲಿಲ್ಲ. ತಮ್ಮ ಇದ್ದಾನೆ.

"ಬೀಗ ಹಾಕೋ ಮುಂಚೆ ಒಂದು ಸುತ್ತು ಹಾಕಿ ಬಾ," ಎಂದರು ಮೇಡಂ. "ಪೂರ್ತಿ ಸುತ್ತು. ಒಳಗೆ ಇನ್ನೇನಾದ್ರೂ ಇದ್ಯಾ ನೋಡು. ನಾವು ಇಲ್ಲೇ ಇರ್ತೀವಿ."

ಈ ಸಲ ಅವನು ಪೂರ್ತಿ ನಡೆದ. ಕೀಲಿ ತೊಡೆಗೆ ತಾಗಿ ಸದ್ದು ಮಾಡುತ್ತಿತ್ತು. ಅಕ್ರೋಟು, ಬಾದಾಮಿ, ಪ್ಲಮ್. ಬೇಲಿಯ ಒಂದೊಂದು ಕಂಬವನ್ನೂ ಮುಟ್ಟುತ್ತ ಹೋದ, ಹಾಗೆ ಮುಟ್ಟುತ್ತ ಹೋದರೆ ಹಿಂದಿನದೆಲ್ಲ ಸರಿಹೋಗುತ್ತದೇನೋ ಎನ್ನುವ ಹಾಗೆ. ಇಳಿಜಾರು ಇಳಿದು ಕಾಲುವೆಗೆ ಕಾಲಿಟ್ಟ. ಮುಳ್ಳು ಸರಿಸಿದ. ಅದೇ ಜಾಗ. ಹುಲ್ಲು ಹಾಸಿಗೆಯಂತೆ ಮಲಗಿತ್ತು, ಸುತ್ತ ಹಿಕ್ಕೆ. ಮೇಲಿನದು ಹೊಳೆಯುವ ಕಪ್ಪು, ಅದರಡಿ ಬೂದು, ಅದಕ್ಕೂ ಕೆಳಗೆ ಕಾಲಲ್ಲಿ ಒತ್ತಿದರೆ ಪುಡಿಯಾಗುವ ಬಿಳಿಚು. ಎರಡು ತಿಂಗಳ ಮನೆ. ಅದರ ನಡುವೆ ಮರಿ ಮಲಗಿತ್ತು. ಕತ್ತನ್ನು ನೆಲಕ್ಕೆ ಅಂಟಿಸಿ, ಕಿವಿಯನ್ನು ಬೆನ್ನಿಗೆ ಮಡಚಿ, ತಾನು ಇಲ್ಲವೇ ಇಲ್ಲ ಎನ್ನುವ ಹಾಗೆ. ತಿಂಗಳು ದಾಟಿದ ಮರಿ. ತಾಯಿ ಎದ್ದು ಓಡಿದರೂ ಏಳಬಾರದೆಂದು ಕಲಿತಿತ್ತು. ಪಕ್ಕೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು. ಅವನು ಕೂತ. ಅಭ್ಯಾಸಬಲದಿಂದ ಕಣ್ಣು ಅಳೆಯಿತು: ಮೂಗಿನಿಂದ ಬಾಲಕ್ಕೆ ಎರಡಡಿ ಚಿಲ್ಲರೆ, ಗೊರಸು ಒಂದೂವರೆ ಬೆರಳು. ಮೇಡಂ ಇಲ್ಲಿಗೆ ಬಂದು ನಿಂತರೆ ಸಾಕು. ಈ ಮರಿಯ ಪಕ್ಕ, ಈ ಹಿಕ್ಕೆಯ ಪಕ್ಕ ನಿಂತು ಅವರು ಒಂದು ಸಲ ಬೆರಳು ಮಡಿಚಿ ವಾರ ಎಣಿಸಿದರೆ ಸಾಕು. ಗೇಟು ಬಿಟ್ಟ ಮಧ್ಯಾಹ್ನಕ್ಕೆ ಎಷ್ಟೋ ಮೊದಲೇ ಇದು ಇಲ್ಲಿ ಹುಟ್ಟಿತ್ತು. ಭಾವ ಏನೂ ಮಾಡಿರಲಿಲ್ಲ. ಹೆಂಡತಿಗೆ ಔಷಧಿ ತರಲು ಓಡಿದ್ದ, ಅಷ್ಟೆ.

ಅವನು ಕೈ ಚಾಚಿದ. ಎತ್ತಿಕೊಂಡು ಬೇಲಿಯ ಮೇಲಿಂದ ದಾಟಿಸಬಹುದೇ? ಎಂಟಡಿ. ತಾನೇ ಅಳೆದದ್ದು. ತಂತಿಯಡಿ ತೂರಿಸಬಹುದೇ? ಬುಡವನ್ನು ಒಂದಡಿ ನೆಲದೊಳಗೆ ಹೂತಿದ್ದರು, ಮೊಲ ಬರಬಾರದೆಂದು. ನಗು ಬಂತು, ಬಾಯಿಯವರೆಗೆ ಬಂದು ನಿಂತಿತು. ಮರಿ ಮೂಗು ಅರಳಿಸಿ ಅವನ ಬೆರಳಿನ ಸೋಪಿನ ವಾಸನೆ ನೋಡಿತು, ಹೆದರಲಿಲ್ಲ. ಹುಟ್ಟಿದಾಗಿನಿಂದ ವಾರಕ್ಕೊಮ್ಮೆ ಗಾಳಿಯಲ್ಲಿ ಇದೇ ವಾಸನೆ ಬರುತ್ತಿತ್ತಲ್ಲ. ಅವನು ಸರಿಸಿದ್ದ ಹುಲ್ಲನ್ನು ಮತ್ತೆ ಮೊದಲಿನ ಹಾಗೆ ಅದರ ಮೇಲೆ ಬಾಗಿಸಿದ.

ಹಿಂದಿರುಗುವಾಗ ಇಪ್ಪತ್ತನಾಲ್ಕು ಸಾಲು ದಾಟಬೇಕಿತ್ತು. ಪ್ರತಿ ಸಾಲಿನಲ್ಲೂ ಹೇಳುತ್ತೇನೆ ಎಂದುಕೊಂಡ. ಪ್ಲಮ್ ಮುಗಿಯುವವರೆಗೂ ಅದು ನಿಜವೇ ಆಗಿತ್ತು. ಬಾದಾಮಿ ಬಂದಾಗ ಗೇಟಿನ ನೆರಳಿನಲ್ಲಿ ನಿಂತವರು ಕಾಣಿಸತೊಡಗಿದರು. ಮೇಡಂ, ಕತ್ತರಿ, ಟೊಪ್ಪಿ ಕೈಯಲ್ಲಿ ಹಿಡಿದ ಭಾವ. ಎಲ್ಲರೂ ಅವನು ಬರುವುದನ್ನೇ ಕಾಯುತ್ತಿದ್ದರು. ಅವನು ಬರುವುದನ್ನು ಇಷ್ಟು ಜನ ಎಂದೂ ಕಾದಿರಲಿಲ್ಲ.

"ಏನಾದ್ರೂ ಇದ್ಯಾ?" ಎಂದರು ಮೇಡಂ.

"ಇಲ್ಲ ಮೇಡಂ. ಏನೂ ಇಲ್ಲ."

ಅವನು ಬೀಗ ಹಾಕಿದ. ಒಂದೇ ಸಲಕ್ಕೆ ಸರಿಯಾಗಿ ತಿರುಗಿತು.

ಮೇಡಂ ಹೋದರು, ಕತ್ತರಿ ಊಟಕ್ಕೆ ಹೋದ. ಭಾವ ಮನೆಯ ಮೆಟ್ಟಿಲ ಮೇಲೆ ಕೂತ, ಎರಡನೆಯ ಮೆಟ್ಟಿಲು, ಮೇಲಿನದನ್ನು ಅವನಿಗೆ ಬಿಟ್ಟು. ಅವನು ಕೂತ. ಒಳಗೆ ಅಕ್ಕ ಅನ್ನಕ್ಕೆ ಇಡುತ್ತಿದ್ದಳು, ಅವಳ ಉಸಿರಿನ ಸಿಳ್ಳೆ ಇಲ್ಲಿಗೂ ಕೇಳುತ್ತಿತ್ತು. ಬಿಸಿಲು ಬೇಲಿಯ ಮೇಲೆ ಬಿದ್ದು ನೆಲದಲ್ಲೆಲ್ಲ ಚೌಕ ಚೌಕ ನೆರಳು. ಸ್ವಲ್ಪ ಹೊತ್ತಿಗೆ ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬೇಲಿಯ ಆಚೆ, ತಂತಿಗೆ ಮೈ ತಾಗುವಷ್ಟು ಹತ್ತಿರದಲ್ಲಿ, ಅದು ನಡೆಯುತ್ತಿತ್ತು. ಮೂಲೆಯವರೆಗೆ ಹೋಗಿ ತಿರುಗಿತು. ಮತ್ತೆ ಈ ಮೂಲೆಗೆ ಬಂತು. ನಿಂತು ತಂತಿಗೆ ಮೂಗು ಒತ್ತಿತು. ಮತ್ತೆ ತಿರುಗಿತು.

"ನೋಡಪ್ಪಾ ಅದನ್ನ," ಎಂದ ಭಾವ. "ಇಷ್ಟು ಬಡಿದು ಓಡಿಸಿದ್ರೂ ಹೋಗಲ್ಲ ಅಂತದೆ. ಇನ್ನೂ ಏನು ಬೇಕಂತೆ ಅದಕ್ಕೆ?"

ಅವನು ಜೇಬಿನಲ್ಲಿ ಕೀಲಿಯ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ.

"ರುಚಿ ಹತ್ತಿದೆ ಭಾವ," ಎಂದ.

"ಹೂಂ," ಎಂದ ಭಾವ, "ಹತ್ತಿದ ರುಚಿ ಬಿಡೋದು ಕಷ್ಟ," ಎಂದು ಎದ್ದು, ಅವನ ಕೈಕಾಲು ತೊಳೆಯಲು ನೀರು ತರಲು ಒಳಗೆ ಹೋದ.